ಎರಡು ಕೌದಿ, ಒಂದು ಮೊಳ ದಾರ

ಬಾಣಸವಾಡಿ ಸ್ಟೇಷನ್ನಿನ ಮೈಕು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದೆ. ‘ಪ್ರಯಾಣಿಕರ ಗಮನಕ್ಕೆ’ ಎಂದು ಮೂರು ಭಾಷೆಯಲ್ಲಿ ಆಕಳಿಸಿ, ಯಾವ ಗಾಡಿ ಎಂದು ಹೇಳುವ ಹೊತ್ತಿಗೆ ಕರ್ರ್ ಎಂದು ಮತ್ತೆ ಮಗ್ಗುಲು ಬದಲಿಸುತ್ತದೆ. ಹಳಿಯ ಪಕ್ಕದ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಜಟ್ಟೆಮ್ಮ ಕಾಲು ಚಾಚಿ ಕೂತಿದ್ದಾರೆ. ಬೆಳಕು ಬಂದಿದೆ, ಬಿಸಿಲು ಬಂದಿಲ್ಲ. ಅವರ ತೊಡೆಯ ಮೇಲೆ ಎರಡು ಕೌದಿಗಳಿವೆ. ಎಡಕ್ಕೆ ಮಡಿಸಿಟ್ಟದ್ದು ಪುಟ್ಟದು, ಕೂಸಿನ ಅಳತೆಯದು, ಹೊಲಿದು ಮುಗಿದದ್ದು. ಬಲಕ್ಕಿರುವುದು ಇನ್ನೂ ಶುರುವಿನಲ್ಲೇ ಇರುವುದು. ಎರಡರ ನಡುವೆ ಒಂದು ಮೊಳ ಕೆಂಪು ದಾರ ಜೋತುಬಿದ್ದಿದೆ. ಕತ್ತರಿಸಲು ಮರೆತ ದಾರವಲ್ಲ ಅದು. ಸದ್ಯಕ್ಕೆ ಯಾರೂ ಕತ್ತರಿಸಬಾರದ ದಾರ.

ಕೆಳಗಿನ ಬಾಡಿಗೆ ಕೋಣೆಯಿಂದ ಚಹಾದ ಲೋಟ ಹಿಡಿದು ಬರುವ ಗಂಡ ಅಂಬಣ್ಣ ಆ ದಾರವನ್ನು ಮಲಗಿದ ಬೆಕ್ಕನ್ನು ದಾಟುವಂತೆ ದಾಟುತ್ತಾರೆ. ದೊಮ್ಮಲೂರಿನ ಆಫೀಸೊಂದರಲ್ಲಿ ವಾಚ್‌ಮನ್ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದಿದ್ದಾರೆ. ಕಣ್ಣಲ್ಲಿ ನಿದ್ದೆ, ಬಾಯಲ್ಲಿ ತಮಾಷೆ. ಅಲ್ಲಿ ಗೇಟು ಕಾಯುತ್ತೇನೆ, ಇಲ್ಲಿ ದಾರ ಕಾಯುತ್ತೇನೆ, ಓವರ್‌ಟೈಮ್ ಮಾತ್ರ ಯಾರೂ ಕೊಡುವುದಿಲ್ಲ ಎನ್ನುವುದು ಅವರ ದೂರು.

ಜಟ್ಟೆಮ್ಮ ಸುರಪುರದ ಕಡೆಯವರು. ಬೆಂಗಳೂರಿಗೆ ಬಂದಾಗ ಕೆ.ಆರ್. ಪುರದಲ್ಲಿ ಕಟ್ಟಡದ ಕೆಲಸ. ತಲೆಯ ಮೇಲೆ ಸಿಮೆಂಟು ಹೊತ್ತು ಬೇರೆಯವರ ಮನೆಗಳನ್ನು ಮೇಲಕ್ಕೇರಿಸುತ್ತ ಹೋದರು, ಮೊಣಕಾಲು ಕೆಳಕ್ಕಿಳಿಯಿತು. ಆ ದಿನಗಳಲ್ಲೇ ಜೊತೆಗಾತಿಯೊಬ್ಬಳ ಮಗು ಖಾಲಿ ಸಿಮೆಂಟು ಚೀಲದ ಮೇಲೆ ಮಲಗಿದ್ದನ್ನು ನೋಡಿ, ತಮ್ಮ ಹರಿದ ಸೀರೆಯನ್ನೇ ಮಡಿಕೆ ಹಾಕಿ ಕೌದಿ ಹೊಲಿದರಂತೆ. “ಚೀಲದ ಮ್ಯಾಗ ಮಲಗಿದ್ ಕೂಸು ಎದ್ರ ಮೈತುಂಬ ಕಂಪನಿ ಹೆಸರು ಮೂಡಿರ್ತಿತ್ರಿ, ಉಲ್ಟಾ. ನೋಡಕ್ಕಾಗ್ಲಿಲ್ಲ ನನಗ.” ಶೆಡ್ಡಿನಿಂದ ಶೆಡ್ಡಿಗೆ ಸುದ್ದಿ ಹೋಯಿತು. ಈಗ ಬೆಳಿಗ್ಗೆ ಹೊಲಿಗೆ, ಬಿಸಿಲೇರಿದ ಮೇಲೆ ಇಂದಿರಾನಗರದ ಮನೆಗಳಲ್ಲಿ ಪಾತ್ರೆ, ಸಂಜೆ ಮತ್ತೆ ಹೊಲಿಗೆ.

ಹಳೆಯ ಬಟ್ಟೆಯನ್ನು ಪದರ ಪದರ ಜೋಡಿಸಿ, ಮೇಲೆ ಬಣ್ಣದ ತೇಪೆ ಇಟ್ಟು, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಯಲ್ಲಿ ಇಡೀ ಮೈ ತುಂಬಿಸುವ ಕೆಲಸ ಇದು. ತೇಪೆ ಹಾಕುವುದರಲ್ಲಿ ಈ ನಗರದ ರಸ್ತೆಗಳೂ ಕಡಿಮೆಯಿಲ್ಲ. ಆದರೆ ಜಟ್ಟೆಮ್ಮನ ತೇಪೆ ಮಳೆಗಾಲ ದಾಟುತ್ತದೆ. ಕಂಟೋನ್ಮೆಂಟಿನ ಅರ್ಧ ಊರು ಅವರ ಬೆರಳಿಗೆ ಬಟ್ಟೆಯ ಗುರುತಿನಿಂದಲೇ ಗೊತ್ತು. ಹಲಸೂರು ಎಂದರೆ ಹಸಿರಂಚಿನ ಬಿಳಿ ವೇಷ್ಟಿ ಪಂಚೆ. ಶಿವಾಜಿನಗರ ಎಂದರೆ ಚೌಕಳಿ ಲುಂಗಿ. ರಸೆಲ್ ಮಾರುಕಟ್ಟೆ ಎಂದರೆ ಹೂವಿನವರ ನೀರು ಕುಡಿದು ಮೆತ್ತಗಾದ ತೆಳು ಮಲ್ಲು ಬಟ್ಟೆ, ಎಷ್ಟು ಒಗೆದರೂ ಒಳಗೆಲ್ಲೋ ಸುಗಂಧರಾಜ. ಇಂದಿರಾನಗರದ್ದು ಮಾತ್ರ ಜಾರುಗುಪ್ಪೆ, ಸೂಜಿ ನಿಲ್ಲುವುದಿಲ್ಲ. ಅವಸರವೂ ಅಲ್ಲಿಯದೇ ಜಾಸ್ತಿ. ‘ಆಂಟೀ, ಟೂ ಡೇಸಲ್ಲಿ ಆಗುತ್ತಾ?’ ಎಂದು ಮೂಗಿನಲ್ಲಿ ಕೇಳುವ ಹುಡುಗಿಯ ದನಿಯನ್ನು ಜಟ್ಟೆಮ್ಮ ಯಥಾವತ್ ತೆಗೆಯುತ್ತಾರೆ. ಉತ್ತರ ಅವರ ಸ್ವಂತದ್ದು: “ಆಗ್ತದವ್ವ. ಯಾವ ವರ್ಷದ ಎರಡು ದಿನ ಅಂತ ಮಾತ್ರ ಕೇಳಬ್ಯಾಡ.”

ತೊಡೆಯ ಮೇಲಿನ ಪುಟ್ಟ ಕೌದಿ ಶಿವಾಜಿನಗರದ ಉಮ್ಮೆ ಕುಲ್ಸುಂ ಹೇಳಿ ಹೊಲಿಸಿದ್ದು. ಅವರ ಮಗ ವಕಾರ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಅಲ್ಲಿ ಉಳಿದ ತುಂಡುಗಳನ್ನು ಆರಿಸಲು ಹೋಗಿ ಹೋಗಿಯೇ ಜಟ್ಟೆಮ್ಮನಿಗೂ ಆ ಮನೆಗೂ ಗುರುತು. ವಕಾರ್ ಹೆಂಡತಿ ಇಕ್ರಾ ಹಿಂದೆ ಎರಡು ಸಲ ಬಸುರಾಗಿ, ಎರಡು ಸಲವೂ ಬರಿಗೈಯಲ್ಲಿ ಮನೆಗೆ ಬಂದವಳು. ಮೂರನೆಯದು ನಿಂತಾಗ ಅತ್ತೆ ಹೊರಗಿನ ಯಾರಿಗೂ ಹೇಳದೆ, ಮನೆಯವರೆಲ್ಲರ ಹಳೆಯ ಬಟ್ಟೆಯ ಗಂಟನ್ನು ತಾರಸಿಗೇ ತಂದು ಇಳಿಸಿದರು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಹೇಳಿದ್ದು ಒಂದೇ ಮಾತು: ಮೆಲ್ಲಗೆ ಹೊಲಿ, ಕೂಸೂ ಮೆಲ್ಲಗೇ ಬರಲಿ.

ಇಲ್ಲಿ ಜಟ್ಟೆಮ್ಮನ ತವರಿನ ಒಂದು ಪದ್ಧತಿ ಹೇಳಬೇಕು. ಅವರು ಕೌದಿಯನ್ನು ಅಂಚಿನಿಂದ ಹಿಡಿದು ಒಳಕ್ಕೆ ಸುತ್ತುತ್ತ ಹೊಲಿಯುತ್ತಾರೆ. ಕೊನೆಗೆ ನಟ್ಟನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅದಕ್ಕೆ ಹೊಕ್ಕಳು ಎಂದೇ ಹೆಸರು. ಕೂಸಿನ ಕೌದಿಯಾದರೆ, ಕೂಸು ಹುಟ್ಟಿ ಅತ್ತ ಮೇಲೆಯೇ ಹೊಕ್ಕಳಿಗೆ ತೇಪೆ ಇಟ್ಟು ಮುಚ್ಚಬೇಕು. ಮೊದಲೇ ಮುಚ್ಚಿದರೆ ಬರುವ ಜೀವಕ್ಕೆ ಬಾಗಿಲು ಹಾಕಿದಂತೆ. ಮುಚ್ಚಿದ ಮೇಲೆ ಬಿಚ್ಚುವಂತೆಯೂ ಇಲ್ಲ. ಉಮ್ಮೆ ಕುಲ್ಸುಂಗೆ ಇದು ಹೊಸದೆನಿಸಲಿಲ್ಲ. ಅವರ ಅಜ್ಜಿಯೂ ಹುಟ್ಟುವ ಮುಂಚೆ ಕುಲಾಯಿ ಹೊಲಿಯಲು ಬಿಡುತ್ತಿರಲಿಲ್ಲವಂತೆ. ಇಕ್ರಾಗೆ ಮಾತ್ರ ಇದೊಂದು ಆಟವೇ ಆಗಿಹೋಯಿತು. ತಾರಸಿಗೆ ಬಂದಾಗಲೆಲ್ಲ ತೆರೆದ ಹೊಕ್ಕಳಲ್ಲಿ ಬೆರಳು ತೂರಿಸಿ, ಪದರಗಳನ್ನು ಮುಟ್ಟಿ, ಇದು ಅಬ್ಬಾನ ಲುಂಗಿ, ಇದು ನನ್ನ ದುಪಟ್ಟಾ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಳು.

ತಪ್ಪು ನಡೆದದ್ದು ಇಂಥದೇ ಒಂದು ಬೆಳಗಿನಲ್ಲಿ, ಇಕ್ರಾಗೆ ದಿನ ತುಂಬುತ್ತಿದ್ದಾಗ. ಗೂಡ್ಸ್ ಗಾಡಿಯೊಂದು ಉದ್ದಕ್ಕೆ, ಬಹಳ ಉದ್ದಕ್ಕೆ ಹೋಗುತ್ತಿತ್ತು. ಗಡಗಡ ಲಯಕ್ಕೆ ಕೈ ತಾನೇ ಓಡುತ್ತಿತ್ತು. “ಕಣ್ಣು ತೆರೆದೇ ಇದ್ದುವ್ರಿ, ನಾ ಮಾತ್ರ ಇಲ್ಲಿರಲಿಲ್ಲ,” ಎನ್ನುತ್ತಾರೆ ಜಟ್ಟೆಮ್ಮ. ತವರಿನ ಅಂಗಳದಲ್ಲಿದ್ದರಂತೆ. ದೊಡ್ಡ ಕೌದಿಯ ನಾಲ್ಕು ಮೂಲೆಗೆ ನಾಲ್ಕು ಹೆಂಗಸರು. ಎದುರು ಮೂಲೆಯಲ್ಲಿ ಅವರ ಅವ್ವ, ವಯಸ್ಸೇ ಆಗದ ಮುಖ. ರೊಟ್ಟಿ ಆರಿ ಹೋಗ್ತಾವ, ಮುಗಿಸಿ ಏಳು ಬಾ ಎಂದು ಕರೆದರಂತೆ. ಅವ್ವ ಕರೆದ ಮೇಲೆ ಇನ್ನೇನು? ಮುಗಿಸಿದರು. ಗಾಡಿಯ ಕೊನೆಯ ಡಬ್ಬಿ ದಾಟಿ ಸದ್ದು ನಿಂತಾಗ ನೋಡಿದರೆ, ಕತ್ತರಿಸಿ ಪಕ್ಕದಲ್ಲಿಟ್ಟಿದ್ದ ತೇಪೆ ಹೊಕ್ಕಳ ಮೇಲೆ ಕೂತಿದೆ. ಸುತ್ತ ಅಕ್ಕಿಕಾಳಿನ ಹೊಲಿಗೆ, ಒಂದೂ ಹೆಚ್ಚುಕಡಿಮೆಯಿಲ್ಲ. ಜೀವಮಾನದಲ್ಲೇ ಅಷ್ಟು ಚೆಂದದ ಹೊಲಿಗೆ ಬಿದ್ದಿರಲಿಲ್ಲವಂತೆ.

ದಾರ ಇನ್ನೂ ಸೂಜಿಯಲ್ಲೇ ಇತ್ತು. ಸೂಜಿಯನ್ನು ಇಳಿಸಲೂ ಆಗದೆ, ಕಡಿಯಲೂ ಆಗದೆ ಗಾಳಿಯಲ್ಲಿ ಹಿಡಿದು ಕೂತಿದ್ದ ಹೆಂಡತಿಯನ್ನು ಪಾಳಿ ಮುಗಿಸಿ ಬಂದ ಅಂಬಣ್ಣ ನೋಡಿದರು. ವಿಷಯ ಕೇಳಿದರು. ತಲೆ ಕೆರೆದುಕೊಂಡರು. ಆಮೇಲೆ ತಮ್ಮ ಕೆಲಸದ ಕಾನೂನನ್ನೇ ತೆಗೆದು ಮುಂದಿಟ್ಟರು.

“ನೋಡು, ನನ್ನ ಟೈಮ್ ಮುಗೀತು ಅಂದ್ರ ಡ್ಯೂಟಿ ಮುಗೀತೇನು? ಇಲ್ಲ. ರಿಲೀವರ್ ಬಂದು ನಿಂದ್ರೋತನ ಗೇಟ್ ಬಿಡೋ ಹಂಗಿಲ್ಲ. ದಾರ ಕಡ್ದಿಲ್ಲಲ್ಲ, ಇದರ ಡ್ಯೂಟಿನೂ ಮುಗಿದಿಲ್ಲ. ಅದೇ ದಾರದಾಗ ಇನ್ನೊಂದು ಶುರು ಮಾಡು.”

ಹೊಸದಕ್ಕೆ ಬಟ್ಟೆ ಎಲ್ಲಿ? ಅಂಬಣ್ಣ ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮ ಹಳೆಯ ಯೂನಿಫಾರಂ ಅಂಗಿಯನ್ನು ಎಳೆದು ಕೊಟ್ಟರು. ಬಿಸಿಲು ಕುಡಿದು ನೀಲಿಯೋ ಬೂದಿಯೋ ತಿಳಿಯದ ಬಣ್ಣ. ಜಟ್ಟೆಮ್ಮ ಮೊಳದುದ್ದ ದಾರ ಸಡಿಲ ಬಿಟ್ಟು, ಅದೇ ಸೂಜಿಯಿಂದ ಅಂಗಿಗೆ ಮೊದಲ ಹೊಲಿಗೆ ಹಾಕಿದರು. ಹುಟ್ಟುವ ಮುಂಚೆಯೇ ಸೆಕ್ಯೂರಿಟಿ ಇಟ್ಟುಕೊಂಡ ಕೂಸು ಇಡೀ ಶಿವಾಜಿನಗರದಲ್ಲಿ ಅದೊಂದೇ ಇರಬೇಕು.

ಆದರೆ ಇಕ್ರಾಗೆ ಹೇಳಬೇಕಿತ್ತಲ್ಲ. ಹೇಳುವ ಧೈರ್ಯ ಬರುವ ಮೊದಲೇ ಆಕೆಯೇ ಬಂದಳು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಕೂತವಳೇ ಎಂದಿನಂತೆ ಬೆರಳು ಚಾಚಿದಳು. ಬೆರಳು ತೇಪೆಗೆ ತಾಗಿ ನಿಂತಿತು. ಜಟ್ಟೆಮ್ಮ ಅಂಗಳ, ಅವ್ವ, ರೊಟ್ಟಿ ಎಲ್ಲವನ್ನೂ ಹೇಳಿದರು. ಬೈದರೆ ಬೈಸಿಕೊಳ್ಳೋಣವೆಂದು ತಲೆ ತಗ್ಗಿಸಿ ಕೂತರು. ಇಕ್ರಾ ತೇಪೆಯ ಅಂಚಿನಲ್ಲಿ ಬೆರಳು ಸರಿಸಿದಳು, ದಾರ ಸಿಕ್ಕಿತು. ದಾರ ಹಿಡಿದು ಹೊರಟಳು, ಅಂಗಿ ಸಿಕ್ಕಿತು. ಅಂಗಿಯ ಜೇಬು ಸವರಿ ಕೇಳಿದಳು, “ಆಂಟೀ, ಸೂಜಿ ಕೊಡ್ತೀರಾ?”

ವಾಚ್‌ಮನ್ ಅಂಗಿಯ ಜೇಬಿನ ಮೇಲೆ ಆಕೆ ಹಾಕಿದ ಹೊಲಿಗೆಗಳು ಇವತ್ತಿಗೂ ಇವೆ. ಅಕ್ಕಿಕಾಳಲ್ಲ, ಹುಣಸೆಬೀಜ. ಜಟ್ಟೆಮ್ಮ ಅವನ್ನು ತಿದ್ದಿಲ್ಲ.

ಅಂದಿನಿಂದ ಎರಡೂ ಕೌದಿ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಮಲಗುತ್ತವೆ. ಪಕ್ಕದ ಕೋಣೆಯ ಮಕ್ಕಳಿಗೆ ಇತ್ತ ಆಡಲು ಬಿಡುವುದಿಲ್ಲ. ಗಾಳಿ ಬಂದರೆ ಅಂಬಣ್ಣ ಎದ್ದು ಕೂರುತ್ತಾರೆ. ಇವತ್ತು ಸೂಜಿಯ ಓಟದಲ್ಲಿ ಎಂದಿನ ಸಲೀಸಿಲ್ಲ, ಏಕೆಂದರೆ ಇಕ್ರಾಳನ್ನು ನಸುಕಿಗೇ ಆಸ್ಪತ್ರೆಗೆ ಸೇರಿಸಿದ್ದಾರೆ. ಫೋನು ಟ್ಯಾಂಕಿನ ಮೇಲಿದೆ. ಸ್ಟೇಷನ್ನಿನ ಮೈಕು ಎರಡು ಸಲ ಗಮನಕ್ಕೆ, ಗಮನಕ್ಕೆ ಎನ್ನುತ್ತದೆ. ಗಮನವೆಲ್ಲ ಫೋನಿನ ಮೇಲೆಯೇ. ಬಿಸಿಲು ತಾರಸಿಯ ಅರ್ಧಕ್ಕೆ ಬಂದಾಗ ಅದು ಹಾಡುತ್ತದೆ. ಆ ಕಡೆ ಉಮ್ಮೆ ಕುಲ್ಸುಂ ಏನನ್ನೋ ಹೇಳಲು ಹೊರಟು ಅಳುತ್ತಾರೆ. ಜಟ್ಟೆಮ್ಮನ ಕೈ ನಿಲ್ಲುತ್ತದೆ. ಆಮೇಲೆ ಆ ಅಳುವಿನ ಹಿಂದಿನಿಂದ ಇನ್ನೊಂದು ಅಳು, ತೆಳ್ಳಗೆ, ಹಟಮಾರಿಯಾಗಿ, ಫೋನಿನ ಹೊರಗೆ ಬರುತ್ತದೆ. ಹೆಣ್ಣು ಕೂಸು.

ಪಾತ್ರೆಯ ಮನೆಗಳಿಗೆ ಇವತ್ತು ರಜೆ. ಎರಡೂ ಕೌದಿಯನ್ನು ಒಂದೇ ಗಂಟಿನಲ್ಲಿ, ದಾರ ಹರಿಯದಂತೆ ಮಡಿಲಲ್ಲಿಟ್ಟುಕೊಂಡು ಜಟ್ಟೆಮ್ಮ ಆಟೋ ಹತ್ತುತ್ತಾರೆ. ಅಂಬಣ್ಣ ಚಾಲಕನಿಗೆ ಹಂಪಿನ ಮೇಲೆ ನಿಧಾನ ಎಂದು ಹೇಳಿ ಹೇಳಿ ಬೈಸಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ದಾರ ಕಡಿಯುವ ಹಕ್ಕು ಅಜ್ಜಿಯದು ಎಂದು ತೀರ್ಮಾನವಾಗುತ್ತದೆ, ಅದೂ ಹಲ್ಲಿನಿಂದಲೇ. ಉಮ್ಮೆ ಕುಲ್ಸುಂ ದಾರ ಬಾಯಿಗಿಟ್ಟು ಕಚ್ಚುತ್ತಾರೆ. ದಾರ ಅಲುಗುವುದಿಲ್ಲ, ಹಲ್ಲಿನ ಸೆಟ್ಟು ಅಲುಗುತ್ತದೆ.

“ನಕ್ಕೋ, ಬೇಡ ಜಟ್ಟೆಮ್ಮಾ,” ಎನ್ನುತ್ತಾರೆ ಬಾಯಿಗೆ ಸೆರಗು ಹಿಡಿದು. “ನನ್ ಹಲ್ಲೂ ನಿನ್ ಮನೆ ಥರಾನೇ, ಬಾಡಿಗೇದು. ನೀನೇ ಕಚ್ಚು.”

ಜಟ್ಟೆಮ್ಮ ಕಚ್ಚುತ್ತಾರೆ. ಟಕ್ ಎನ್ನುವ ಸಣ್ಣ ಸದ್ದು. ಪುಟ್ಟ ಕೌದಿ ಕೂಸಿನ ಕೆಳಗೆ ಹೋಗುತ್ತದೆ. ಇಕ್ರಾ ಮಲಗಿದಲ್ಲಿಂದಲೇ ಮಗಳ ಒಂದು ಬೆರಳು ಹಿಡಿದು, ಮುಚ್ಚಿದ ಹೊಕ್ಕಳ ಮೇಲೆ ಇಡುತ್ತಾಳೆ.

ಮರುದಿನ ಬೆಳಿಗ್ಗೆ ತಾರಸಿಯಲ್ಲಿ ಮತ್ತೆ ಅದೇ ಮೈಕು, ಅದೇ ಆಕಳಿಕೆ. ತೊಡೆಯ ಮೇಲೆ ಒಂದೇ ಕೌದಿ. ಅಂಗಿಯ ಸುತ್ತ ಹಲಸೂರಿನ ಹಸಿರಂಚು ಬಂದಿದೆ, ಹೂವಿನವರ ಮಲ್ಲು ಬಟ್ಟೆ ಪಕ್ಕದಲ್ಲಿ ಕಾಯುತ್ತಿದೆ. ತನ್ನ ಡ್ಯೂಟಿ ಮುಗಿಯಿತು, ಅಂಗಿ ವಾಪಸ್ ಕೊಡು ಎಂದು ಅಂಬಣ್ಣ ಕೇಳಿ ನೋಡುತ್ತಾರೆ. ಈ ಕೌದಿ ಯಾರಿಗೆ ಎಂದು ಕೇಳಿದರೆ ಜಟ್ಟೆಮ್ಮ ಸೂಜಿ ನಿಲ್ಲಿಸುವುದಿಲ್ಲ, ಹಳಿಯ ಕಡೆ ನೋಡುತ್ತ ಹೇಳುತ್ತಾರೆ:

“ಇದಕ್ಕ ಇನ್ನ ಯಾರೂ ಹೇಳಿಲ್ರಿ. ನಡುವ ಜಾಗ ಬಿಟ್ಟಿರ್ತೀನಿ. ಬರಾವ್ರು ಬರ್ಲಿ. ಈ ಸಲ ಅವ್ವ ಕರೆದ್ರೂ ಏಳಂಗಿಲ್ಲ.”