ಕಾಂಚನಾ ಬರೆದ ದಾರಿಪುಸ್ತಕಗಳು

ಬೆಳಗಿನ ಐದು ಗಂಟೆ. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ, ಮೂರನೇ ಮಹಡಿಯ ಮನೆಯೊಂದರಲ್ಲಿ ಕಾಂಚನಾ ಹೆಡ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯ ಮೇಜಿನೆದುರು ಕೂತಿದ್ದಾರೆ. ಅಮೆರಿಕದ ಮೊಂಟಾನಾದಲ್ಲಿ ಈಗಿನ್ನೂ ಹಿಂದಿನ ದಿನದ ರಾತ್ರಿ ಒಂಬತ್ತು. ನಿವೃತ್ತ ಸ್ವೀಡಿಷ್ ದಂಪತಿ ಅಲ್ಲಿಂದ ಕರೆ ಮಾಡಿದ್ದಾರೆ. ಹಳೆಯ ಯುದ್ಧಭೂಮಿ ನೋಡಿ ಬರುವಷ್ಟರಲ್ಲಿ ರಾತ್ರಿ ಗಾಡಿ ನಿಲ್ಲಿಸಬೇಕಿದ್ದ ಕ್ಯಾಂಪಿನ ಗೇಟು ಹಾಕಿದೆಯಂತೆ. "ಹನ್ನೊಂದು ಮೈಲಿ ಹಿಂದಕ್ಕೆ ಬನ್ನಿ, ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ," ಎಂದು ಕಾಂಚನಾ ನಕ್ಷೆ ನೋಡದೆ ಸ್ವೀಡಿಷ್‌ನಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ಪತಿ ರಾಜಶೇಖರ ಶೂ ಹಾಕಿಕೊಂಡು ಕೂತಿದ್ದಾರೆ. ಮಾತಿನ ನಡುವೆಯೂ ಪತಿಯ ಅಂಗಿಯ ತುದಿಯನ್ನು ಕಾಂಚನಾ ಬಿಡುವುದಿಲ್ಲ.

ದಾವಣಗೆರೆಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವರು ಕಾಂಚನಾ. ಪತಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಾಗ ಜೊತೆಗೆ ಬಂದರು, ಭಾಷೆ ಕಲಿತರು, ಸಣ್ಣ ಪ್ರವಾಸ ಕಂಪನಿಯೊಂದನ್ನು ಸೇರಿದರು. ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರುವ ಆರ್‌ವಿ ಗಾಡಿಗಳಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳನ್ನು ಸುತ್ತುವವರಿಗೆ ದಾರಿಪುಸ್ತಕ ಬರೆಯುವುದು, ತೊಂದರೆಯಾದರೆ ಫೋನಿನಲ್ಲಿ ಸಿಗುವುದು ಅವರ ಕೆಲಸ. ಹನ್ನೊಂದು ವರ್ಷಗಳಲ್ಲಿ ಮೂವತ್ತೆಂಟು ಪುಸ್ತಕ ಬರೆದಿದ್ದಾರೆ. ಯಾವುದರಲ್ಲೂ ಅವರ ಹೆಸರಿಲ್ಲ.

ಮೂರು ವರ್ಷದ ಹಿಂದೆ ರಾಜಶೇಖರರಿಗೆ ಮರೆವಿನ ಕಾಯಿಲೆ ಎಂದು ಗೊತ್ತಾಯಿತು. "ನೀನು ಬರೆದಿರೋ ಜಾಗನೆಲ್ಲ ನನಗೆ ಈಗಲೇ ತೋರಿಸಿಬಿಡು ಅಂದ್ರು," ಎನ್ನುತ್ತಾರೆ ಕಾಂಚನಾ. ಇಪ್ಪತ್ತೊಂದು ದಿನದ ಪ್ರವಾಸಕ್ಕೆ ಹೊರಟರು. ಫಿಲಡೆಲ್ಫಿಯಾದಲ್ಲಿ ರಾಜಶೇಖರ ಪತ್ನಿಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾ ನಡೆದರಂತೆ. ನಾಲ್ಕನೆಯ ದಿನ ಗೆಟ್ಟಿಸ್‌ಬರ್ಗ್‌ನಲ್ಲಿ ಕಾಂಚನಾ ಗಾಡಿಗೆ ನೀರಿನ ಪೈಪ್ ಜೋಡಿಸಿ ತಿರುಗಿದರೆ ಪತಿ ಇಲ್ಲ.

"ಕ್ಯಾಂಪಿನವರೂ ನಾನೂ ಎರಡೂವರೆ ಗಂಟೆ ಹುಡುಕಿದ್ವಿ. ಒಂದು ಸ್ಮಾರಕದ ಮೆಟ್ಟಿಲ ಮೇಲೆ ಕೂತಿದ್ರು. ಕೈ ಹಿಡಿದ್ರೆ ಬಿಡಿಸಿಕೊಂಡ್ರು. ನೀವು ಇಲ್ಲಿ ಕೆಲಸ ಮಾಡ್ತೀರಾ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ರು. ನನ್ನ ಜೊತೆ ಯಾವತ್ತೂ ಇಂಗ್ಲಿಷ್ ಮಾತಾಡಿದವರಲ್ಲ. ನಾನು ಏನು ಹೇಳಲಿ? ಹೌದು ಸರ್, ಬನ್ನಿ ಅಂದೆ."

ಆರನೆಯ ದಿನ ವಾಪಸ್ ವಿಮಾನ ಹತ್ತಿದರು.

ಈಗ ಕೆಲಸವೂ ಮುಗಿಯುತ್ತಿದೆ. ಒಂದು ಬೇಸಿಗೆಗೆ ಅರವತ್ತು ಗಾಡಿ ಹೊರಡುತ್ತಿದ್ದವು, ಈ ವರ್ಷ ಒಂಬತ್ತೇ. ಅಮೆರಿಕಕ್ಕೆ ಹೋಗುವವರೇ ಕಡಿಮೆಯಾಗಿದ್ದಾರೆ. ಆಗಸ್ಟ್ ಕೊನೆಗೆ ಬಾಗಿಲು ಮುಚ್ಚುತ್ತೇವೆಂದು ಕಂಪನಿ ತಿಳಿಸಿದೆ. ರಾಜಶೇಖರ ಎರಡು ಸಲ ಚಳಿಯಲ್ಲಿ ಬರಿಗಾಲಲ್ಲಿ ಹೊರಗೆ ಹೋದ ಮೇಲೆ ಕೊಮ್ಯೂನ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಆರೈಕೆ ಮನೆಯಲ್ಲಿ ಜಾಗ ಕೊಟ್ಟಿದೆ. ಕಳೆದ ವಾರ ಕಾಂಚನಾ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. "ನನ್ನ ಕೈಲಿ ಆಗ್ತಾ ಇಲ್ಲ. ಮಗಳು ಸರಿಯಾಗೇ ಮಾಡಿದೆ ಅಂತಾಳೆ. ನನಗೆ ಹಾಗನ್ನಿಸಲ್ಲ."

ಇನ್ನೊಂದು ಕಷ್ಟವಿದೆ. ರಾಜಶೇಖರರಿಗೆ ಸ್ವೀಡಿಷ್ ಪೂರ್ತಿ ಹೋಗಿದೆ, ಇಂಗ್ಲಿಷೂ ಹೋಗಿದೆ. ಉಳಿದಿರುವುದು ಕನ್ನಡದ ಕೆಲವು ಮಾತು. ಆ ಆರೈಕೆ ಮನೆಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ.

ಎಂಟಕ್ಕೆ ಹೆಡ್‌ಫೋನ್ ತೆಗೆದು ಕಾಂಚನಾ ಹೊಸ ಪುಸ್ತಕವೊಂದನ್ನು ತೆರೆಯುತ್ತಾರೆ. ಆರೈಕೆ ಮನೆಯ ಸಿಬ್ಬಂದಿಗಾಗಿ ಸ್ವೀಡಿಷ್ ಅಕ್ಷರಗಳಲ್ಲಿ ಕನ್ನಡ ಪದಗಳನ್ನು ಅರ್ಥದ ಸಮೇತ ಬರೆಯುತ್ತಿದ್ದಾರೆ: ಹಸಿವು, ಚಳಿ, ಸಾಕು, ನೋವು. ನಲವತ್ತು ಪದಗಳಾಗಿವೆ.

"ನನ್ನನ್ನ ಗುರುತು ಹಿಡೀಬೇಕು ಅಂತ ಈಗೇನೂ ಆಸೆ ಇಲ್ಲ," ಎನ್ನುತ್ತಾರೆ. "ಅವರು ನೀರು ಅಂದಾಗ ಯಾರಾದ್ರೂ ನೀರು ಕೊಡ್ಲಿ. ಅಷ್ಟೇ."