ಬಾನೆಟ್ ಮುಚ್ಚಿದರೆ ಕಿರುಚುವ ಕಾರು ಮತ್ತು ಜೂರಾಕಾನ್ ಎಜೆ

ನಾರಿನ್ ಪಟ್ಟಣಕ್ಕೆ ಈಗಷ್ಟೇ ಬೆಳಕು ಹರಿಯುತ್ತಿದೆ. ಚಳಿ ಸೊನ್ನೆಯಿಂದ ಇಪ್ಪತ್ತೆರಡು ಡಿಗ್ರಿ ಕೆಳಗಿದೆ. ಜೂರಾಕಾನ್ ಎಜೆ ತಮ್ಮ ರಿಪೇರಿ ಶೆಡ್ಡಿನ ಕಬ್ಬಿಣದ ಬಾಗಿಲನ್ನು ಭುಜದಿಂದ ನೂಕಿ ತೆರೆಯುವಷ್ಟರಲ್ಲಿ ಎದುರಿಗೆ ಜಪಾನಿನ ಹಳೆಯ ಕಾರೊಂದು ಬಂದು ನಿಂತು ಕಿರುಚುತ್ತಿದೆ. ಓಡಿಸುವವನು ಬಾಡಿಗೆ ಕಾರಿನ ಮಿರ್ಲಾನ್. ನಿನ್ನೆ ಸಂಜೆ ಇದೇ ಕಾರಿಗೆ ಎಜೆ ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರ್ ಬದಲಿಸಿ ಕೊಟ್ಟಿದ್ದರು. ಅವರ ಕೆಲಸದ ಬಗ್ಗೆ ಬರೆಯಲೆಂದು ಬಂದ ನಾನು ಪಕ್ಕದಲ್ಲೇ ನಿಂತಿದ್ದೇನೆ.

"ಎಂಥಾ ಸೆನ್ಸರ್ ಹಾಕಿದ್ರಿ ಎಜೆ? ಅರ್ಧ ಗಂಟೆಯಿಂದ ಎಂಜಿನ್ ಬಿಸಿ ಮಾಡ್ತಿದೀನಿ, ಐಡ್ಲಿಂಗ್ ಇಳೀತಾನೇ ಇಲ್ಲ. ಬ್ರೇಕ್ ಬಿಟ್ರೆ ಗಾಡಿ ತಾನೇ ಓಡುತ್ತೆ!"

"ಮೊದ್ಲು ಸಲಾಂ ಹೇಳು. ಜಗಳ ಆಮೇಲಾಡು."

ಮಿರ್ಲಾನ್ ಸಲಾಂ ಹೇಳುತ್ತಾನೆ. ಮನೆಯವರೆಲ್ಲರ ಯೋಗಕ್ಷೇಮಕ್ಕೂ ಉತ್ತರ ಕೊಡುತ್ತಾನೆ. ಆ ಉತ್ತರದಲ್ಲೇ ವಿಷಯ ಹೊರಬೀಳುತ್ತದೆ. ಅವನ ತಂಗಿ ಗುಲ್ಜಾನ್ ಎಂಟು ತಿಂಗಳ ಬಸುರಿ, ರಕ್ತದೊತ್ತಡ ಏರಿದೆ, ಇವತ್ತೇ ರಾಜಧಾನಿ ಬಿಷ್ಕೆಕ್ಕಿನ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕು. ನಡುವೆ ದೊಲೊನ್ ಘಟ್ಟವಿದೆ. ಅದರ ಇಳಿಜಾರಿನ ಮಂಜುಗಡ್ಡೆಯ ಮೇಲೆ ತಾನಾಗಿಯೇ ಮುಂದಕ್ಕೆ ತಳ್ಳುವ ಎಂಜಿನ್ ಇದ್ದರೆ ಬ್ರೇಕನ್ನು ನಂಬುವಂತಿಲ್ಲ.

ಎಜೆ ಎಂದರೆ ಅಕ್ಕ. ಐವತ್ತೇಳರ ಜೂರಾಕಾನ್ ಊರಿಗೆಲ್ಲ ಅಕ್ಕನೇ. ಅವರು ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆ ಹೊದಿಸಿದ್ದ ಉಣ್ಣೆಹಾಸನ್ನು ತೆಗೆದಿಡುತ್ತಾರೆ. ಕುರಿಯ ಉಣ್ಣೆ ಬಡಿದು ಮಾಡಿದ, ಬೆರಳು ದಪ್ಪದ ಇಂಥ ಹಾಸಿಲ್ಲದೆ ಇಲ್ಲಿನ ಯಾವ ಕಾರೂ ಚಳಿಗಾಲ ಕಳೆಯುವುದಿಲ್ಲ. ಅಷ್ಟರಲ್ಲಿ ಕಿರುಚಾಟ ತಣ್ಣಗಾಗಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮುಳ್ಳು ಏಳುನೂರಕ್ಕೆ ಇಳಿಯುತ್ತದೆ.

"ನೋಡಿ, ನಿಮ್ಮೆದುರು ಮಾತ್ರ ಒಳ್ಳೇ ಮಗು! ಇಷ್ಟೊತ್ತೂ ಎರಡು ಸಾವಿರದ ಹತ್ರ ಇತ್ತು" ಎಂದು ಮಿರ್ಲಾನ್ ತಲೆ ಚಚ್ಚಿಕೊಳ್ಳುತ್ತಾನೆ.

ಎಜೆ ಮೊದಲು ಅನುಮಾನಿಸುವುದು ತಮ್ಮ ಕೈಯನ್ನೇ. ಇನ್ನೂ ತಣ್ಣಗಿದೆ ಎಂದು ಸೆನ್ಸರ್ ಸುಳ್ಳು ಹೇಳಿದರೆ ಎಂಜಿನ್ ಬಿಸಿಯಾಗಲೆಂದು ಜೋರಾಗಿ ತಿರುಗುತ್ತಲೇ ಇರುತ್ತದೆ. ಸೆನ್ಸರಿಗೆ ಮೀಟರ್ ಹಿಡಿಯುತ್ತಾರೆ. ಎಂಜಿನ್ ಕಾದಿದೆ ಎಂದು ಅದು ಸರಿಯಾಗಿಯೇ ಹೇಳುತ್ತಿದೆ. ಸೆನ್ಸರ್ ಬಿಚ್ಚಿದಾಗ ನೀರಿನ ದಾರಿಯಲ್ಲಿ ಗಾಳಿ ಸೇರಿಕೊಂಡಿದ್ದರೆ? ಹಾಗಾದರೆ ಅದು ಒಮ್ಮೊಮ್ಮೆ ಸುಳ್ಳು ಹೇಳಬಹುದು. ಕಾರಿನ ಮೂತಿ ಮೇಲಾಗುವಂತೆ ಕಾಲುವೆ ಏರಿಯ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ರೇಡಿಯೇಟರ್ ತಣಿಯುವವರೆಗೆ ಮಿರ್ಲಾನನನ್ನೂ ನನ್ನನ್ನೂ ಚಹಾಕ್ಕೆ ಕರೆಯುತ್ತಾರೆ.

ಈ ಏರಿಯೇ ಅವರ ರ‍್ಯಾಂಪ್. ಸಾಮೂಹಿಕ ಕೃಷಿಕ್ಷೇತ್ರದ ಟ್ರ್ಯಾಕ್ಟರ್ ಶಾಲೆಯಲ್ಲಿ ವಾಹನಗಳ ವಿದ್ಯುತ್ ತಂತಿ ಕೆಲಸ ಕಲಿತವರು ಅವರು. ಕ್ಷೇತ್ರ ಮುಚ್ಚಿದ ಮೇಲೆ ಸಂತೆಯಲ್ಲಿ ಕಾಲುಚೀಲ ಮಾರಿ, ಬೇಸರ ಬಂದು, ಇಪ್ಪತ್ತಾರು ವರ್ಷದ ಹಿಂದೆ ಈ ಶೆಡ್ ಹಾಕಿದರು. ಹೆಂಗಸಿನ ಕೈಗೆ ಕಾರು ಕೊಡುವುದೇ ಎಂದು ಮೊದಲ ಚಳಿಗಾಲವಿಡೀ ಒಬ್ಬರೂ ಇತ್ತ ಸುಳಿಯಲಿಲ್ಲ. ಈಗ ದಿನಕ್ಕೆ ನಾಲ್ಕೈದು ಕಾರು ಬರುತ್ತವೆ. ಬೆರಳ ತುದಿಗಳು ಚಳಿಗೆ ಸೀಳಿವೆ, ಗವಸು ಹಾಕಿದರೆ ಸ್ಕ್ರೂ ಸಿಗುವುದಿಲ್ಲ. ಇಷ್ಟಿದ್ದೂ ಊರಿನ ಸನ್ಮಾನದ ಪಟ್ಟಿಯಲ್ಲಿ ಅವರ ಹೆಸರು ಒಮ್ಮೆಯೂ ಬಂದಿಲ್ಲ. ನನಗೆ ಅದರ ಸಿಟ್ಟಿದೆ, ಅವರಿಗಿಲ್ಲ.

"ಕುರ್ಚಿ ಮೇಲೆ ಕೂರಿಸಿ ಶಾಲು ಹೊದಿಸ್ತಾರೆ, ಆಮೇಲೆ ಮೂರು ಗಂಟೆ ಭಾಷಣ. ಆ ಹೊತ್ತಲ್ಲಿ ಒಂದು ಕಾರು ರಿಪೇರಿ ಆಗುತ್ತೆ" ಎಂದು ನಗುತ್ತಾರೆ.

ರೇಡಿಯೇಟರ್ ತಣಿದಿದೆ. ಮುಚ್ಚಳ ತೆಗೆದು, ಎಂಜಿನ್ ಓಡಿಸಿ, ಕೊಳವೆ ಹಿಸುಕಿ ನೋಡಿದರೆ ಒಂದು ಗುಳ್ಳೆಯೂ ಏಳುವುದಿಲ್ಲ; ಗಾಳಿಯೂ ಸೇರಿಲ್ಲ. ಎಜೆ ಮುಚ್ಚಳ ಬಿಗಿದು, ಹಾಸು ಹೊದಿಸಿ ಬಾನೆಟ್ ಮುಚ್ಚುತ್ತಾರೆ. ಕಾರು ಕಿರುಚುತ್ತದೆ. ತೆರೆದರೆ ಸುಮ್ಮನಾಗುತ್ತದೆ. ಮತ್ತೆ ಮುಚ್ಚಿದರೆ ಮತ್ತೆ ಕಿರುಚುತ್ತದೆ.

ಎಜೆ ಈ ಸಲ ಎಂಜಿನ್ನನ್ನು ಬಿಟ್ಟು ಹಾಸನ್ನು ತಿರುಗಿಸಿ ನೋಡುತ್ತಾರೆ. ಅದರ ಅಡಿಯಲ್ಲಿ ಉದ್ದಕ್ಕೆ ಒಂದು ಹೊಸ ಗೀರು ಮೂಡಿದೆ. ಆಕ್ಸಿಲರೇಟರ್ ಕೇಬಲ್ ಹಾಯಲೆಂದು ಕತ್ತರಿಸಿದ್ದ ಕಂಡಿ ಇನ್ನೊಂದು ಮಗ್ಗುಲಿನಲ್ಲಿದೆ. ಹಾಸು ತಿರುವುಮುರುವಾಗಿದೆ. ಬಾನೆಟ್ ಮುಚ್ಚಿದಾಗಲೆಲ್ಲ ಅದು ಕೇಬಲ್ ಮೇಲೆ ಕೂತು, ಯಾರೋ ಪೆಡಲ್ ಒತ್ತಿದ ಹಾಗೆ ಎಳೆಯುತ್ತಿದೆ.

"ನಿಮ್ಮ ಸೆನ್ಸರನ್ನ ಸುಮ್ನೆ ಬೈದೆ ಎಜೆ" ಎಂದು ಮಿರ್ಲಾನ್ ಟೋಪಿ ತೆಗೆಯುತ್ತಾನೆ. "ರಾತ್ರಿ ನಾನೇ ಏನೋ ತಿರುಗಿಸಿ ಹಾಕಿರ್ಬೇಕು."

ಎಜೆ ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನೀನಲ್ಲ ತಮ್ಮಾ. ನಿನ್ನೆ ಹಾಸು ಹೊದಿಸಿ ಬಾನೆಟ್ ಹಾಕಿದ್ದು ನಾನು. ಮುಚ್ಚಿದ್ಮೇಲೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದು."

ಎಜೆ ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದು, ಹಾಸಿನ ಇನ್ನೊಂದು ಮಗ್ಗುಲಿಗೂ ಅಂಥದೇ ಕಂಡಿ ಕತ್ತರಿಸುತ್ತಾರೆ. ಇನ್ನು ಹೇಗೆ ಹೊದಿಸಿದರೂ ಕೇಬಲ್ಲಿಗೆ ತಾಗದು. ಬಾನೆಟ್ ಮುಚ್ಚಿ ಸ್ಟಾರ್ಟ್ ಮಾಡಿದಾಗ ಮುಳ್ಳು ಏಳುನೂರಕ್ಕೆ ಬಂದು ನಿಲ್ಲುತ್ತದೆ. ಹಾಗೆಯೇ ಹತ್ತು ನಿಮಿಷ ಕಾದು ನೋಡಿದ ಮೇಲೆಯೇ, ಕೊಚ್ಕೊರ್ ತಲುಪಿದ ತಕ್ಷಣ ಫೋನ್ ಮಾಡು ಎಂದು ಹೇಳಿ, ತಂಗಿಯನ್ನು ಕರೆದೊಯ್ಯಲು ಅವರು ಮಿರ್ಲಾನನನ್ನು ಕಳಿಸಿದ್ದು.

ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳುತ್ತೇನೆ. ಎಜೆ ಕೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ನಾನು ಮುಟ್ಟಿದ ಕಾರಲ್ಲಿ ಕೂತೋರಿಗೆ ಘಟ್ಟದ ಮೇಲೆ ನನ್ನ ನೆನಪು ಬರಬಾರ್ದು. ನೆನಪು ಬಂತು ಅಂದ್ರೆ ಗಾಡಿ ಕೈ ಕೊಟ್ಟಿದೆ ಅಂತಲೇ ಅರ್ಥ."

ಅಲ್ಲಿಂದ ಮುಂದೆ ಇನ್ನೊಂದು ಕಾರಿನ ಕೆಲಸದ ನಡುವೆಯೂ ಅವರ ಕಣ್ಣು ಫೋನಿನ ಕಡೆಗೇ ಹೋಗುತ್ತಿರುತ್ತದೆ. ಮಧ್ಯಾಹ್ನ ಅದು ರಿಂಗಾಗುತ್ತದೆ. ಘಟ್ಟ ಇಳಿದು ಅದರಾಚೆಯ ಕೊಚ್ಕೊರ್ ಊರು ಮುಟ್ಟಿದ ಮಿರ್ಲಾನನ ದನಿ ನನಗೂ ಕೇಳುವಷ್ಟು ಜೋರಾಗಿದೆ.

"ತಂಗಿ ನಿದ್ದೆ ಮಾಡ್ತಿದಾಳೆ ಎಜೆ. ತಲುಪಿದ ತಕ್ಷಣ ಫೋನ್ ಮಾಡು ಅಂದಿದ್ರಲ್ಲ, ಕ್ಷಮಿಸಿ, ಕೊಚ್ಕೊರ್‌ಗೆ ಬಂದು ಒಂದು ಗಂಟೆ ಆಯ್ತು. ನಿಮ್ಮನ್ನ ಮರೆತೇಬಿಟ್ಟಿದ್ದೆ."

ಎಜೆ ಫೋನನ್ನು ಜೇಬಿಗಿಳಿಸಿ, ಇಡೀ ದಿನದಲ್ಲಿ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂರುತ್ತಾರೆ.