ಬಾಳೆಗಿಡದ ಹಿಂದಿನ ಹಳದಿ ಬೋರ್ಡು

ನನ್ನ ಮಗಳ ತೊಟ್ಟಿಲಿನ ಮೂರು ಬದಿಯ ಚಿತ್ರ ಮಡಿವಾಳೆಪ್ಪಣ್ಣನದು, ನಾಲ್ಕನೆಯದು ಅವನ ಹೆಂಡತಿ ಸಣ್ಣಕ್ಕನದು. ಮೂರು ಬದಿಯ ಗಿಳಿಗಳು ಹಾರುತ್ತವೆ. ನಾಲ್ಕನೆಯ ಬದಿಯ ಗಿಳಿ ಕೊಂಬೆಯನ್ನು ಬಿಗಿಯಾಗಿ ಹಿಡಿದು ಕೂತಿದೆ, ಹತ್ತಿರ ಬಂದವರನ್ನು ಕಚ್ಚುವ ಹಾಗೆ. ಮಗಳಿಗೆ ಅದೇ ಗಿಳಿಯೆಂದರೆ ಪ್ರೀತಿ.

ಕಲಘಟಗಿಯಲ್ಲಿ ಅವರು ನಮ್ಮ ಬಾಜು ಮನೆಯವರು. ಬಡಿಗ ಶಂಭುಲಿಂಗಪ್ಪ ಮಾಡಿಕೊಟ್ಟ ತೊಟ್ಟಿಲಿಗೆ ಚಿತ್ರ ಬರೆಯುವುದು ಮಡಿವಾಳೆಪ್ಪಣ್ಣನ ಕೆಲಸ. ಅರಗು ಕಾಸಿ ಬಣ್ಣ ಅರೆದು ಕೊಡುವುದು ಸಣ್ಣಕ್ಕನದು. ತೊಟ್ಟಿಲು ಇಲ್ಲದ ದಿನಗಳಲ್ಲಿ ಅಣ್ಣ ಗಾಡಿಗಳಿಗೆ ನಂಬರು, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ.

ಹಾಗೆಯೇ ಬೋರ್ಡು ಬರೆಸಲು ಬಂದವನು ಹುಬ್ಬಳ್ಳಿ ರಸ್ತೆಯ ಸಂಗನಬಸವ ಸಾವಕಾರ. ಮಿಲಿಟರಿಯ ದೊಡ್ಡ ಗಾಡಿಗಳನ್ನು ತನ್ನ ಟ್ರೇಲರಿನ ಮೇಲೆ ಹೊತ್ತು ಮುಟ್ಟಿಸುವ ಗುತ್ತಿಗೆ ಅವನಿಗೆ ಸಿಕ್ಕಿತ್ತು. ಆ ಗಾಡಿಗಳು ಟ್ರೇಲರಿಗಿಂತ ಅಗಲ, ಎರಡೂ ಬದಿಗೆ ಚಾಚಿಕೊಂಡಿರುತ್ತವೆ. ಅದಕ್ಕೇ ಮಿಲಿಟರಿಯವರು ಕಟ್ಟುನಿಟ್ಟಾಗಿ ಹೇಳಿದ್ದರು: ಹಿಂದೆ ಮುಂದೆ ಹಳದಿ ಬೋರ್ಡು ಇರಬೇಕು, ಮೂಲೆಗಳಿಗೆ ಕೆಂಪು ಬಾವುಟ ಕಟ್ಟಬೇಕು, ದಾರಿ ಬಿಡಿಸಲು ಮುಂದೊಂದು ಜೀಪು ಹೋಗಬೇಕು, ಹೊತ್ತು ಮುಳುಗಿದ ಮೇಲೆ ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು.

"ಇಷ್ಟ ದೊಡ್ಡ ಅಕ್ಷರ ಯಾಕೋ ಮಡಿವಾಳೆಪ್ಪಾ? ಬಣ್ಣ ಹಾಳು" ಎಂದಿದ್ದ ಸಾವಕಾರ.

"ಓದಾಕ ಬರಲಾರದವಗೂ ಅಂಜಿಕಿ ಬರಬೇಕ್ರಿ" ಎಂದು ಅಣ್ಣ ನಕ್ಕಿದ್ದ. 'ಅತಿ ಅಗಲದ ವಾಹನ, ದೂರ ಇರಿ' ಎಂದು ಬರೆದುಕೊಟ್ಟ.

ಆ ವರ್ಷದ ಖಂಡೆಪೂಜೆಯ ದಿನ ಸಾವಕಾರನ ಟ್ರೇಲರು ಮಿಲಿಟರಿ ಗಾಡಿ ಹೊತ್ತು ಹೊರಟಿತು. ನಮ್ಮ ಕಡೆ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಸೈಕಲ್ಲಿಗೂ ಬಾಳೆಎಲೆ ಕಟ್ಟುತ್ತೇವೆ. ಸಾವಕಾರ ಟ್ರೇಲರಿನ ಹಿಂದೆ ಎರಡು ಬಾಳೆಗಿಡ ನಿಲ್ಲಿಸಿ, ಚೆಂಡುಹೂವಿನ ಮಾಲೆ ಸುತ್ತಿಸಿದ. ಬೋರ್ಡು ಎಲೆಯ ಹಿಂದೆ ಹೋಯಿತು, ಕೆಂಪು ದೀಪವೂ ಹೋಯಿತು. ಕೆಂಪು ಬಾವುಟ ಕಂಡರೂ ಅಂದು ಅದಕ್ಕೆ ಅರ್ಥವಿರಲಿಲ್ಲ. ಎಲ್ಲ ಗಾಡಿಗಳ ಮೇಲೂ ಪೂಜೆಯ ಕೆಂಪು ಬಟ್ಟೆ. ಪೂಜೆಯಿಂದ ತಡವಾಗಿ, ಮುಂದಿನ ಜೀಪು ಎಲ್ಲೋ ಹೋಗಿ, ಹೊತ್ತು ಮುಳುಗಿದರೂ ಟ್ರೇಲರು ಓಡುತ್ತಲೇ ಇತ್ತು.

ಮಿಶ್ರಿಕೋಟಿಯಿಂದ ಬೈಕಿನ ಮೇಲೆ ಬರುತ್ತಿದ್ದ ಮಡಿವಾಳೆಪ್ಪಣ್ಣನಿಗೆ ಮುಂದೆ ಕಂಡದ್ದು ಗೊನೆ ಹೊತ್ತ ಬಾಳೆಗಿಡ. ಯಾರದೋ ಪೂಜೆಯ ಲಾರಿ ಎಂದು ಬಾಜೂಕಿನಿಂದ ದಾಟಲು ಹೋದ. ಚಾಚಿಕೊಂಡಿದ್ದ ಕಬ್ಬಿಣ ಅವನನ್ನು ಕೆಡವಿತು. ಬಲಗೈ ಮೊಣಕೈ ತನಕ ಹೋಯಿತು.

ಜನ ಸೇರುವುದರೊಳಗೆ ಬಾಳೆಗಿಡ ಮಾಯವಾಗಿತ್ತು. ವಿಚಾರಣೆಗೆ ಬಂದವರ ಎದುರು ಸಾವಕಾರ ಸ್ವಚ್ಛವಾಗಿ ಕಾಣುವ ಬೋರ್ಡು ತೋರಿಸಿದ. "ಬೋರ್ಡ್ ಐತಿ, ಬಾವುಟ ಅದಾವು. ಇಂವ ಕುಡಿದು ಬಂದು ಬಡದಾನ್ರಿ" ಎಂದ. ಡ್ರೈವರ್ ತಲೆ ತಗ್ಗಿಸಿ ನಿಂತಿದ್ದನಂತೆ.

ಕೈ ಹೋದದ್ದಕ್ಕಿಂತ ಆ ಮಾತು ಗಂಡಹೆಂಡಿರನ್ನು ಹೆಚ್ಚು ಸುಟ್ಟಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಚಹಾ ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ ಅಣ್ಣ. ಆದರೂ ಊರಲ್ಲಿ 'ಕುಡುಕ ಪೇಂಟರ್' ಎಂಬ ಹೆಸರು ನಿಂತಿತು. ಅಣ್ಣ ಸಂತೆಗೆ ಹೋಗುವುದನ್ನೇ ಬಿಟ್ಟ. ಸಣ್ಣಕ್ಕ ಕುಂಚ ಹಿಡಿದಳು. ಮೊದಲು ಬರೆದದ್ದು ನನ್ನ ಮಗಳ ತೊಟ್ಟಿಲಿನ ಉಳಿದ ಬದಿ. ಅಣ್ಣ ಗೋಡೆಗೆ ಒರಗಿ ಕೂತು, "ರೆಕ್ಕಿ ಸಡಲ ಬಿಡ, ಯಾಕ ಅದರ ಕುತ್ತಗಿ ಹಿಚಕಾಕತ್ತಿ?" ಎನ್ನುತ್ತಿದ್ದ.

"ನನ್ನ ಕೈಯಾಗ ಆ ಸಾವಕಾರನ ಕುತ್ತಗಿನೇ ಐತಿ" ಎನ್ನುತ್ತಿದ್ದಳು ಅಕ್ಕ.

ಈ ಸಲ ಶ್ರಾವಣದಲ್ಲಿ ಶಂಭುಲಿಂಗಪ್ಪ ಒಂದು ದೊಡ್ಡ ತೊಟ್ಟಿಲು ತಂದಿಳಿಸಿದ. ಸಾಗವಾನಿ ಕಟ್ಟಿಗೆ, ತೂಗುಹಾಕಲು ಹಿತ್ತಾಳೆಯ ಬಳೆಗಳು. "ಸಂಗನಬಸವ ಸಾವಕಾರನ ಮಗಳು ಹಡದಾಳ. ತವರಮನಿ ತೊಟ್ಟಿಲಾ. ಚಿತ್ರ ಯಾರ ಬರೀತಾರ ಅಂತ ಅಂವ ಕೇಳಿಲ್ಲ, ನಾನೂ ಹೇಳಿಲ್ಲ. ಬ್ಯಾಡಂದ್ರ ಒಯ್ತೇನವಾ."

"ಇರಲಿ ಕಾಕಾ" ಎಂದಳು ಸಣ್ಣಕ್ಕ. ಅವಳ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು. ನನಗೆ ಅದು ಚಲೋ ಅನಿಸಲಿಲ್ಲ.

ಮಗಳನ್ನು ಎತ್ತಿಕೊಂಡು ದಿನಾ ಹೋಗಿ ನೋಡುತ್ತಿದ್ದೆ. ಒಳಬದಿಗೆ ಗಿಳಿ, ಮಾವಿನಹಣ್ಣು, ಚಂದ್ರ ಬರೆದಳು. ಆಮೇಲೆ ಹೊರಬದಿಯ ದೊಡ್ಡ ಹಲಗೆಯಲ್ಲಿ ಒಂದು ಟ್ರೇಲರು ಮೂಡಿತು. ಅದರ ಮೇಲೆ ಹಸಿರು ಮಿಲಿಟರಿ ಗಾಡಿ, ಹಿಂದೆ ಗೊನೆ ಹೊತ್ತ ಎರಡು ಬಾಳೆಗಿಡ, ಎಲೆಗಳ ಸಂದಿನಲ್ಲಿ ಇಣುಕುವ ಹಳದಿ ಬೋರ್ಡಿನ ಒಂದು ಮೂಲೆ. ಕೆಳಗೆ ರಸ್ತೆಯ ಮೇಲೆ ಬಿದ್ದ ಮನುಷ್ಯ.

"ಅಕ್ಕಾ, ಕೂಸು ಏನ್ ಮಾಡೇತಿ?" ಎಂದೆ.

"ಕೂಸಿಗೆ ಒಳಗ ಚಂದ್ರನ್ನ ಕೊಟ್ಟೇನಿ. ಹೊರಗಿಂದು ಅದರ ಅಜ್ಜಗ."

ಶಂಭುಲಿಂಗಪ್ಪ ಒಯ್ಯಲು ಬಂದವನು ಆ ಹಲಗೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡ. "ನನಗ ಈಗೀಗ ಕಣ್ಣು ಸರಿ ಕಾಣಂಗಿಲ್ಲವಾ" ಎಂದು ಹೊಸ ಸೀರೆ ಸುತ್ತಿ ಗಾಡಿಗೆ ಏರಿಸಿದ.

ತೊಟ್ಟಿಲು ಕಟ್ಟಲು ಚಿತ್ರ ಬರೆದವರೂ ಹೋಗಿ, ಉಡಿ ತುಂಬಿಸಿಕೊಂಡು ಬರುವುದು ವಾಡಿಕೆ. ಸಣ್ಣಕ್ಕನ ಜೊತೆ ನಾನೂ ಹೋದೆ. ಸಾವಕಾರನ ಪಡಸಾಲೆ ತುಂಬ ಬೀಗರು. ಸೆರಗು ಮುಂದಕ್ಕೆಳೆದುಕೊಂಡಿದ್ದ ಅಕ್ಕನ ಗುರುತು ಅವನಿಗೆ ಹತ್ತಲಿಲ್ಲ. ನಾಮಕರಣದಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡಕಲ್ಲು ಮಲಗಿಸುತ್ತಾರೆ. ಕಲ್ಲು ಮಲಗಿದ ತೊಟ್ಟಿಲನ್ನು, ಅದಕ್ಕೆ ಕೂಸನ್ನು ಹಾಕದೆ, ಹೊರಗೆ ಕಳಿಸಿದರೆ ಕೂಸಿಗೆ ಒಳ್ಳೆಯದಲ್ಲವೆಂದು ಹಿರಿಯರ ನಂಬಿಕೆ. ಸಣ್ಣಕ್ಕ ಅದಕ್ಕೇ ಕಾಯುತ್ತಿದ್ದಳು. ಸಾವಕಾರನ ತಾಯಿ ಶಿವಗಂಗವ್ವ ಕಲ್ಲು ಮಲಗಿಸಿ ಕುಂಕುಮ ಹಚ್ಚಿದ ಮೇಲೆಯೇ ಅಕ್ಕ ಎದ್ದುಹೋಗಿ ಹೊರಬದಿಗೆ ಸುತ್ತಿದ್ದ ಸೀರೆ ಸರಿಸಿದಳು.

ಜೋಗುಳಕ್ಕೆ ಬಾಯಿ ತೆರೆದಿದ್ದ ಹೆಂಗಸರು ಹಾಗೇ ನಿಂತರು.

"ಯವ್ವಾ, ಇದೇನಿದು? ಮನಶಾ ಬಿದ್ದಾನಲ್ಲ!" ಎಂದಳು ಬೀಗಿತಿ.

ಸಾವಕಾರನ ಮುಖ ಕಪ್ಪಿಟ್ಟಿತು. "ಯಾರು ಬರದಾರ ಇದನ್ನ? ಒಯ್ರಿ ಹೊರಗ!"

"ಕಲ್ಲು ಮಲಗೇತಿ, ಮುಟ್ಟಬ್ಯಾಡ" ಎಂದಳು ಶಿವಗಂಗವ್ವ. ಮುದುಕಿ ಹಲಗೆಯ ಹತ್ತಿರ ಬಗ್ಗಿದಳು. ಬೆರಳು ಬಾಳೆಗೊನೆಯ ಮೇಲೆ ನಿಂತಿತು. "ಗೊನಿ ಸಮೇತ ಗಿಡ ಪೂಜಿಗೆ ಯಾರೂ ಕಡಿಯೂದಿಲ್ಲ. ಆ ವರ್ಷ ಮಿಲಿಟರಿ ಗಾಡಿ ಅಂತ ಹೆಚ್ಚಿನ ಭಕ್ತಿಲೆ ನಾನೇ ಹಿತ್ತಲದಾಗ ಕಡಿಸಿ ಕೊಟ್ಟಿದ್ದೆ. ಆ ಗಾಡಿಗೆ ಕಟ್ಟೇ ಇಲ್ಲ ಅಂತ ನೀ ನನಗ ಹೇಳಿದ್ದೀ, ಸಂಗ್ಯಾ."

ಸಣ್ಣಕ್ಕ ಸೆರಗು ಹಿಂದಕ್ಕೆ ಸರಿಸಿದಳು. "ನಾ ಮಡಿವಾಳೆಪ್ಪನ ಹೇಣತಿ. ಬೀಗರೆದುರಿಗೆ ಒಂದು ಹೇಳಿಬಿಡ್ರಿ ಸಾವಕಾರ್ರ. ನನ್ನ ಗಂಡ ಕುಡದಿದ್ದನೇನು?"

ಸಾವಕಾರ ಬಾಗಿಲ ಕಡೆ ನೋಡಿದ. ಬಾಗಿಲಲ್ಲೂ ಬೀಗರೇ ನಿಂತಿದ್ದರು. ಒಳಗೆ ಕೂಸು ಹಸಿದು ಅಳಲು ಹತ್ತಿತ್ತು. ಆ ಅಳುವಿಗೆ ನನ್ನ ಎದೆ ತೊಯ್ದು ಕುಪ್ಪಸ ಒದ್ದೆಯಾಯಿತು. ಸಣ್ಣಕ್ಕ ಮಾತ್ರ ಅಲುಗಲಿಲ್ಲ.

"ನೀ ಹೇಳೂತನಕ ಈ ಕೂಸನ್ನ ನಾ ತೊಟ್ಟಿಲಕ್ಕ ಹಾಕಂಗಿಲ್ಲ" ಎಂದು ಶಿವಗಂಗವ್ವ ನೆಲಕ್ಕೆ ಕೂತಳು.

"ಕುಡದಿರಲಿಲ್ಲ" ಎಂದ ಸಾವಕಾರ.

"ಕೇಳಲಿಲ್ಲರಿ" ಎಂದಳು ಅಕ್ಕ.

"ಕುಡದಿರಲಿಲ್ಲ! ಬೋರ್ಡು ಬಾಳಿಗಿಡದ ಹಿಂದ ಇತ್ತು. ಜನಾ ಕೂಡೂದ್ರಾಗ ಗಿಡ ನಾನೇ ತಗಸಿದೆ." ಆಮೇಲೆ ದನಿ ಇಳಿಸಿದ. "ಇನ್ನಾದರೂ ಆ ಹಲಿಗಿ ಮ್ಯಾಲೆ ಒಂದು ನವಿಲು ಬರದು ಮುಚ್ಚವಾ. ಈ ತೊಟ್ಟಿಲಾ ಬೀಗರ ಮನಿಗೆ ಹೋಗೂದೈತಿ."

"ನವಿಲು ಬರಿಯೂ ಕೈ ನಿಮ್ಮ ಟ್ರೇಲರ್ ಬಾಜೂಕ ಉಳೀತ್ರಿ. ನನಗ ಗಿಳಿ ಅಷ್ಟೇ ಬರತಾವು."

ಕೂಸನ್ನು ಹಾಕಿದರು, ಜೋಗುಳ ಹಾಡಿದರು. ಶಿವಗಂಗವ್ವ ತಾನೇ ಸಣ್ಣಕ್ಕನ ಉಡಿ ತುಂಬಿದಳು. ತೊಟ್ಟಿಲು ಆ ಕಡೆ ಹೋದಾಗ ಕೂಸು ಚಂದ್ರನನ್ನು ನೋಡುತ್ತಿತ್ತು. ಈ ಕಡೆ ಬಂದಾಗ ಬಾಳೆಗಿಡ, ಹಳದಿ ಮೂಲೆ, ಬಿದ್ದ ಮನುಷ್ಯ ಎಲ್ಲ ಬೀಗರ ಕಣ್ಣೆದುರು ಬಂದು ಹೋಗುತ್ತಿದ್ದವು.

ಮನೆಗೆ ಬಂದಾಗ ಮಡಿವಾಳೆಪ್ಪಣ್ಣ ಕಟ್ಟೆಯ ಮೇಲೆ ಕೂತಿದ್ದ. "ಅಂದನೇನು?"

"ಅಂದ. ಎರಡು ಸಲ ಅನ್ನಿಸಿದೆ."

ಅಣ್ಣ ಎಡಗೈಯಿಂದ ಮುಖ ಒರೆಸಿಕೊಂಡ. "ಆತಲ್ಲ. ಇನ್ನ ಅದನ್ನ ಅಳಸಿ ಕೊಡತಿ?"

"ಅರಗಿನ ಬಣ್ಣ. ಆ ಕೂಸಿನ ಮೊಮ್ಮಕ್ಕಳು ಮಲಗಿದರೂ ಹೋಗಂಗಿಲ್ಲ" ಎನ್ನುತ್ತ ಸಣ್ಣಕ್ಕ ಉಡಿಯ ಅಕ್ಕಿಯನ್ನು ಮೊರಕ್ಕೆ ಸುರಿದಳು. "ಏಳ್ರಿ, ನಾಳೆ ಸಂತಿ ಐತಿ. ನೀವೇ ಹೋಗಿ ಬೆಲ್ಲ ತರ್ರಿ."